ಕುಟುಂಬದ ಆಯವ್ಯಯ: ಹಣ ನಿರ್ವಹಣಾ ಕಾರ್ಯಾಗಾರಗಳಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಪಾತ್ರ



ಪ್ರತಿ ವರ್ಷವೂ ನಾವು ಗ್ರಾಮ ಪಂಚಾಯತಿಯ ಆಯವ್ಯಯವನ್ನು ಸಭೆಯಲ್ಲಿ ಮಂಡಿಸಿ, ಚರ್ಚಿಸಿ, ಅನುಮೋದಿಸುತ್ತೇವೆ. ಆರಂಭಿಕ ಶಿಲ್ಕು ಎಷ್ಟು, ಕರ ವಸೂಲಾತಿ ಎಷ್ಟಾಗಬಹುದು, ಅನುದಾನದ ಕಂತು ಯಾವಾಗ ಬರುತ್ತದೆ, ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲು ಯಾವಾಗ ಕಟ್ಟಬೇಕು ಎಂಬುದನ್ನು ಲೆಕ್ಕ ಹಾಕುತ್ತೇವೆ. ವರ್ಷದ ಒಟ್ಟು ಆದಾಯ ವರ್ಷದ ಒಟ್ಟು ವೆಚ್ಚಕ್ಕೆ ಸರಿಹೊಂದಿದರೂ, ಅನುದಾನ ಬರುವ ಮುನ್ನವೇ ಬಿಲ್ಲು ಬಂದಾಗ ಪಡುವ ಪಾಡು ಸದಸ್ಯರಿಗೆ ಅನುಭವದಿಂದಲೇ ತಿಳಿದಿದೆ. ನಮ್ಮ ವಾರ್ಡುಗಳ ಕುಟುಂಬಗಳೂ ಪ್ರತಿ ತಿಂಗಳು ಇದೇ ಪಾಡನ್ನು ಪಡುತ್ತಿವೆ. ಮನೆಯ ಆದಾಯ, ವೆಚ್ಚ, ಉಳಿತಾಯ ಮತ್ತು ಸಾಲದ ನಿರ್ವಹಣೆ ಕುರಿತ ಸಮುದಾಯ ಕಾರ್ಯಾಗಾರಗಳನ್ನು ಈ ಕುಟುಂಬಗಳಿಗೆ ನಿಜಕ್ಕೂ ಉಪಯೋಗವಾಗುವಂತೆ ನಡೆಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲ ಕಾರ್ಯಾಗಾರದಲ್ಲಿ ಕಲಿತದ್ದು

ನಮ್ಮ ಪಂಚಾಯತಿಯಲ್ಲಿ ಮೊದಲ ಬಾರಿಗೆ ಇಂತಹ ಕಾರ್ಯಾಗಾರ ನಡೆದಾಗ ಪಾಠ ಮಾಡಿದವನು ನಾನೇ. ಎಂಜಿನಿಯರಿಂಗ್ ಓದಿದವನಾದ್ದರಿಂದ ಪರದೆಯ ಮೇಲೆ ಅಂಕಿ-ಅಂಶ, ಶೇಕಡಾವಾರು, ನಕ್ಷೆಗಳನ್ನು ತೋರಿಸಿದೆ. ಆದಾಯದಲ್ಲಿ ಶೇ. 20ರಷ್ಟನ್ನು ಮೊದಲೇ ಎತ್ತಿಡಬೇಕು ಎಂದು ಹೇಳಿದೆ. ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದರು: "ಸಾರ್, ನೀವು ಹೇಳೋದು ತಿಂಗಳ ಸಂಬಳದೋರಿಗೆ ಸರಿ. ನಮಗೆ ಡೇರಿ ಬಟವಾಡೆ ಬರೋದು ಹದಿನೈದು ದಿನಕ್ಕೊಂದು ಸಲ. ಫೈನಾನ್ಸ್‌ನೋರು ಬರೋದು ವಾರವಾರ. ಮಧ್ಯದ ವಾರಕ್ಕೆ ನಾನೇನು ಮಾಡ್ಲಿ, ಅದನ್ನ ಹೇಳಿ."

ನನ್ನಲ್ಲಿ ಉತ್ತರವಿರಲಿಲ್ಲ. ಕಾರ್ಯಾಗಾರ ಮುಗಿದ ಮೇಲೆ ಅವರೊಡನೆ ಕುಳಿತು ಒಂದು ಹಾಳೆಯಲ್ಲಿ ಅವರ ಮನೆಯ ಲೆಕ್ಕ ಬರೆದೆವು. ಎರಡು ಸಾಲಗಳ ಕಂತು ಕಟ್ಟುತ್ತಿದ್ದ ಅವರು, ಮಧ್ಯದ ವಾರದ ಕೊರತೆ ತುಂಬಿಸಲು ಮೂರನೆಯ ಸಾಲ ಪಡೆಯುವ ಆಲೋಚನೆಯಲ್ಲಿದ್ದರು. ಕೊರತೆ ಇದ್ದದ್ದು ಸುಮಾರು 700 ರೂ. ಮಾತ್ರ. ಪಡೆಯಲು ಹೊರಟಿದ್ದ ಸಾಲ 30,000 ರೂ. ಅಂದಿನಿಂದ ನಮ್ಮ ಕಾರ್ಯಾಗಾರದ ಕ್ರಮವನ್ನೇ ಬದಲಾಯಿಸಿದೆವು.

ತಿಂಗಳ ಲೆಕ್ಕ ಸಾಲದು, ವಾರದ ಲೆಕ್ಕ ಬೇಕು

ಒಂದು ಉದಾಹರಣೆಯನ್ನು ನೋಡೋಣ. ಅಂಕಿಗಳು ಕೇವಲ ವಿವರಣೆಗಾಗಿ. ಆದರೆ ಇವುಗಳ ಸ್ವರೂಪ ನಮ್ಮ ಭಾಗದ ಅನೇಕ ಮನೆಗಳಿಗೆ ಹೊಂದುತ್ತದೆ.

ಒಂದು ಕುಟುಂಬಕ್ಕೆ ಹಾಲಿನ ಬಟವಾಡೆ 15 ದಿನಕ್ಕೊಮ್ಮೆ 3,000 ರೂ., ಕೂಲಿ ವಾರಕ್ಕೆ 1,250 ರೂ., ಗೃಹಲಕ್ಷ್ಮಿ ಯೋಜನೆಯಿಂದ 2,000 ರೂ. ಬರುತ್ತದೆ. ನಾಲ್ಕು ವಾರಗಳ ಒಟ್ಟು ಆದಾಯ 13,000 ರೂ. ಮನೆವೆಚ್ಚ ವಾರಕ್ಕೆ 1,900 ರೂ., ಎರಡು ಸಾಲಗಳ ಕಂತು ಸೇರಿ ವಾರಕ್ಕೆ 1,200 ರೂ. ನಾಲ್ಕು ವಾರಗಳ ಒಟ್ಟು ವೆಚ್ಚ 12,400 ರೂ. ಅಂದರೆ 600 ರೂ. ಉಳಿತಾಯ. ತಿಂಗಳ ಲೆಕ್ಕ ನೋಡಿದವರು ಈ ಮನೆಗೆ ತೊಂದರೆಯಿಲ್ಲ ಎಂದೇ ಹೇಳುತ್ತಾರೆ.

ಈಗ ವಾರವಾರು ನೋಡೋಣ.

ಮೊದಲ ವಾರ: ಬಂದದ್ದು 4,250 ರೂ., ಹೋದದ್ದು 3,100 ರೂ., ಕೈಯಲ್ಲಿ ಉಳಿದದ್ದು 1,150 ರೂ.
ಎರಡನೇ ವಾರ: ಬಂದದ್ದು 1,250 ರೂ., ಹೋಗಬೇಕಾದದ್ದು 3,100 ರೂ., ಹಿಂದಿನ ಶಿಲ್ಕು ಸೇರಿಸಿದರೂ 700 ರೂ. ಕೊರತೆ.
ಮೂರನೇ ವಾರ: ಬಂದದ್ದು 4,250 ರೂ., ಹೋದದ್ದು 3,100 ರೂ., ಕೊರತೆ ಕಳೆದು ಉಳಿದದ್ದು 450 ರೂ.
ನಾಲ್ಕನೇ ವಾರ: ಕೂಲಿ ಮತ್ತು ಗೃಹಲಕ್ಷ್ಮಿ ಸೇರಿ 3,250 ರೂ., ಹೋದದ್ದು 3,100 ರೂ., ಕೊನೆಯ ಶಿಲ್ಕು 600 ರೂ.

ತಿಂಗಳ ಕೊನೆಗೆ 600 ರೂ. ಉಳಿಯಬೇಕಾದ ಮನೆಯು ಎರಡನೇ ವಾರದಲ್ಲಿ 700 ರೂ.ಗಾಗಿ ಕೈಸಾಲ ಹುಡುಕುತ್ತದೆ. ಗೃಹಲಕ್ಷ್ಮಿ ಹಣ ಜಮೆಯಾಗುವ ದಿನಾಂಕ ಪ್ರತಿ ತಿಂಗಳೂ ಒಂದೇ ಆಗಿರುವುದಿಲ್ಲ. ಅದು ಮುಂದಿನ ತಿಂಗಳಿಗೆ ಹೋದರೆ ಈ ತಿಂಗಳ ಕೊನೆಗೆ 1,400 ರೂ. ಕೊರತೆ ಬೀಳುತ್ತದೆ. ಇನ್ನೊಂದು ಅಂಶವನ್ನೂ ಗಮನಿಸಬೇಕು: ವರ್ಷಕ್ಕೆ 52 ವಾರಗಳು. ತಿಂಗಳಿಗೆ ನಾಲ್ಕು ಕಂತು ಎಂದು ಲೆಕ್ಕ ಹಾಕುವವರು ವರ್ಷಕ್ಕೆ 48 ಕಂತುಗಳಿಗೆ ಮಾತ್ರ ಸಿದ್ಧರಾಗಿರುತ್ತಾರೆ. ಉಳಿದ ನಾಲ್ಕು ಕಂತುಗಳು, ಈ ಉದಾಹರಣೆಯಲ್ಲಿ 4,800 ರೂ., ಲೆಕ್ಕಕ್ಕೇ ಬಂದಿರುವುದಿಲ್ಲ.

ಉಳಿತಾಯವೆಂದರೆ ನೀರಿನ ಟ್ಯಾಂಕು

ನಮ್ಮ ಊರುಗಳಲ್ಲಿ ಮೇಲ್ಮಟ್ಟದ ನೀರಿನ ಟ್ಯಾಂಕನ್ನು ಏಕೆ ಕಟ್ಟುತ್ತೇವೆ? ನೀರು ಹೆಚ್ಚಾಗಿದೆ ಎಂದಲ್ಲ. ವಿದ್ಯುತ್ ಇರುವ ಹೊತ್ತಿಗೆ ಪಂಪು ನಡೆಯುತ್ತದೆ, ಜನರಿಗೆ ನೀರು ಬೇಕಾಗುವುದು ಬೆಳಿಗ್ಗೆ ಮತ್ತು ಸಂಜೆ. ಈ ಎರಡು ಹೊತ್ತುಗಳ ನಡುವಣ ಅಂತರವನ್ನು ತುಂಬಲು ಟ್ಯಾಂಕು ಬೇಕು. ಕುಟುಂಬದ ಉಳಿತಾಯದ ಮೊದಲ ಕೆಲಸವೂ ಇದೇ. "ಮಿಕ್ಕಿದರೆ ಉಳಿಸೋಣ" ಎಂದು ಕಾಯುವವರಿಗೆ ಎಂದೂ ಮಿಗುವುದಿಲ್ಲ. ಮೇಲಿನ ಉದಾಹರಣೆಯ ಕುಟುಂಬವು ಎರಡು ತಿಂಗಳು ಆ 600 ರೂ.ಗಳನ್ನು ಮುಟ್ಟದೆ ಇರಿಸಿದರೆ 1,200 ರೂ. ಆಗುತ್ತದೆ. ಅಷ್ಟು ಮೊತ್ತ ಮಧ್ಯದ ವಾರವನ್ನು ದಾಟಿಸಲು ಸಾಕು. ಬಟವಾಡೆ ಬಂದ ಕೂಡಲೇ ಟ್ಯಾಂಕನ್ನು ಮತ್ತೆ ತುಂಬಬೇಕು ಎಂಬುದೊಂದೇ ನಿಯಮ. ಈ ಹೋಲಿಕೆಯನ್ನು ಹೇಳಿದ ಮೇಲೆ ಸಭೆಯಲ್ಲಿ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ.

ಎರಡನೆಯ ದಾರಿ, ಕಂತಿನ ದಿನವನ್ನು ಬದಲಾಯಿಸಿಕೊಳ್ಳುವುದು. ಇದೇ ಕುಟುಂಬವು ವಾರದ ಕಂತಿನ ಬದಲು ನಾಲ್ಕನೇ ವಾರದ ಕೊನೆಗೆ ಒಮ್ಮೆಗೇ 4,800 ರೂ. ಕಟ್ಟುವಂತಾದರೆ, ಯಾವ ವಾರದಲ್ಲೂ ಕೊರತೆ ಬೀಳುವುದಿಲ್ಲ. ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿ ಖರ್ಚಾಗದಂತೆ ಬ್ಯಾಂಕ್ ಖಾತೆಯಲ್ಲಿಡುವ ಶಿಸ್ತು ಬೇಕು. ಹೀಗೆ ಬದಲಾವಣೆ ಕೇಳಲು ಅವಕಾಶವಿದೆ ಎಂಬುದೇ ಬಹುಪಾಲು ಸಾಲಗಾರರಿಗೆ ತಿಳಿದಿಲ್ಲ.

ಸದಸ್ಯರು ತಿಳಿದಿರಬೇಕಾದ ನಿಯಮಗಳು

ಕಿರುಸಾಲಗಳ ಕುರಿತು ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅವುಗಳ ಮುಖ್ಯಾಂಶಗಳು ಹೀಗಿವೆ:

1. ವಾರ್ಷಿಕ ಆದಾಯ 3 ಲಕ್ಷ ರೂ.ವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ನೀಡುವ ಸಾಲವೇ ಕಿರುಸಾಲ.
2. ಕುಟುಂಬದ ಎಲ್ಲ ಸಾಲಗಳ ತಿಂಗಳ ಮರುಪಾವತಿ ಸೇರಿ, ತಿಂಗಳ ಆದಾಯದ ಶೇ. 50ನ್ನು ಮೀರಬಾರದು.
3. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಹೊಂದಿಸಿಕೊಡುವ ಕುರಿತು ಪ್ರತಿ ಸಂಸ್ಥೆಯೂ ತನ್ನದೇ ನೀತಿಯನ್ನು ಹೊಂದಿರಬೇಕು.
4. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ವಿಧಿಸುವಂತಿಲ್ಲ.
5. ಬಡ್ಡಿ, ಶುಲ್ಕ ಮತ್ತು ಕಂತುಗಳ ವಿವರವುಳ್ಳ ಸಾಲದ ಕಾರ್ಡನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ನೀಡಬೇಕು.
6. ಬೆಳಿಗ್ಗೆ 9 ಗಂಟೆಗೆ ಮುನ್ನ ಮತ್ತು ಸಂಜೆ 6 ಗಂಟೆಯ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ನಿಂದಿಸುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು ನಿಷಿದ್ಧ.

ಮೇಲಿನ ಉದಾಹರಣೆಯ ಕುಟುಂಬದ ಕಂತು ಶೇ. 50ರ ಮಿತಿಯೊಳಗೇ ಇದೆ. ಆದರೂ ಅದಕ್ಕೆ ಕಷ್ಟ ತಪ್ಪಲಿಲ್ಲ. ಆದ್ದರಿಂದ ಸಾಲ ಪಡೆಯುವಾಗ "ಕಂತು ಎಷ್ಟು" ಎಂಬ ಪ್ರಶ್ನೆಯ ಜೊತೆಗೆ "ಕಂತು ಯಾವ ದಿನ" ಎಂಬ ಪ್ರಶ್ನೆಯನ್ನೂ ಕೇಳಲು ಕಲಿಸಬೇಕು.

2025ರ ಆರಂಭದಲ್ಲಿ ರಾಜ್ಯದ ಹಲವೆಡೆ ಕಿರುಸಾಲ ವಸೂಲಿಯ ಕಿರುಕುಳದಿಂದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದ ವರದಿಗಳನ್ನು ನಾವೆಲ್ಲರೂ ಓದಿದ್ದೇವೆ. ಇದರ ಹಿನ್ನೆಲೆಯಲ್ಲಿ ಅದೇ ವರ್ಷ ರಾಜ್ಯ ಸರ್ಕಾರವು ಕಿರು ಸಾಲ ಮತ್ತು ಸಣ್ಣ ಸಾಲಗಳ ವಿಷಯದಲ್ಲಿ ಬಲವಂತದ ಕ್ರಮಗಳನ್ನು ಪ್ರತಿಬಂಧಿಸುವ ಕಾನೂನನ್ನು ತಂದಿತು. ಇದರಡಿ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಕಿರುಕುಳಕ್ಕೆ ಒಳಗಾದವರು ಪೊಲೀಸ್ ಠಾಣೆಗೆ ದೂರು ನೀಡಬಹುದು. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಗಳ ವಿರುದ್ಧ ದೂರು ನೀಡುವ ಬಗ್ಗೆ 14448 ಸಂಖ್ಯೆಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಆದರೆ ಪಡೆದ ಸಾಲವೇ ರದ್ದಾಯಿತು ಎಂದು ಯಾರೂ ತಪ್ಪು ತಿಳಿಯದಂತೆ ಸದಸ್ಯರು ಎಚ್ಚರ ವಹಿಸಬೇಕು. ಕಾನೂನು ತಡೆಯುವುದು ಬಲವಂತವನ್ನು. ನ್ಯಾಯಸಮ್ಮತವಾದ ಸಾಲದ ಹೊಣೆ ಉಳಿಯುತ್ತದೆ.

ಕಾರ್ಯಾಗಾರವನ್ನು ನಡೆಸುವ ಕ್ರಮ

ಒಂದೇ ದಿನದ ದೀರ್ಘ ಉಪನ್ಯಾಸಕ್ಕಿಂತ ಎರಡು ಗಂಟೆಗಳ ಮೂರು ಬೈಠಕ್‌ಗಳು ಮೇಲು. ವಾರಕ್ಕೊಂದರಂತೆ ನಡೆಸಬಹುದು. ಒಂದು ತಂಡದಲ್ಲಿ 25ರಿಂದ 30 ಮಂದಿ ಇದ್ದರೆ ಪ್ರತಿಯೊಬ್ಬರ ಹಾಳೆಯನ್ನೂ ನೋಡಲು ಸಾಧ್ಯ. ಬೆಳಗಿನ ಹಾಲು ಹಾಕಿ, ಮನೆಗೆಲಸ ಮುಗಿಸಿ ಬರುವಂತೆ 11 ಗಂಟೆಗೆ ಆರಂಭಿಸುವುದು ಸೂಕ್ತ. ಕೂಲಿಗೆ ಹೋಗುವವರಿಗಾಗಿ ಸಂತೆಯ ದಿನ ಅಥವಾ ಕೆಲಸವಿಲ್ಲದ ದಿನವನ್ನು ಅವರನ್ನೇ ಕೇಳಿ ಗೊತ್ತುಪಡಿಸಬೇಕು. ಗ್ರಾಮ ಪಂಚಾಯತಿಯ ಅರಿವು ಕೇಂದ್ರ, ಶಾಲೆಯ ಕೊಠಡಿ ಅಥವಾ ಸಮುದಾಯ ಭವನ ಸಾಕು.

ಮೊದಲ ಬೈಠಕ್: ನಮ್ಮ ಮನೆಯ ಹಾಳೆ. ಪ್ರತಿ ಕುಟುಂಬಕ್ಕೂ ನಾಲ್ಕು ವಾರಗಳ ಅಂಕಣಗಳಿರುವ ಒಂದು ಹಾಳೆ ಹಾಗೂ ಹನ್ನೆರಡು ತಿಂಗಳ ಇನ್ನೊಂದು ಹಾಳೆ ಕೊಡಬೇಕು. ಮೊದಲನೆಯದರಲ್ಲಿ ವಾರದ ಆದಾಯ-ವೆಚ್ಚ. ಎರಡನೆಯದರಲ್ಲಿ ಜೂನ್ ತಿಂಗಳ ಶಾಲಾ ಖರ್ಚು, ಬಿತ್ತನೆಯ ಬೀಜ-ಗೊಬ್ಬರ, ಗೌರಿ-ಗಣೇಶ, ದೀಪಾವಳಿ, ಜಾತ್ರೆ, ಮದುವೆಯ ಮುಯ್ಯಿ ಇತ್ಯಾದಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುವ ಖರ್ಚು ಆಕಸ್ಮಿಕ ಖರ್ಚಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಬರೆಯಲು ಬಾರದವರು ಹುಣಸೆಬೀಜಗಳನ್ನು ಬಳಸಬಹುದು. ಒಂದು ಬೀಜಕ್ಕೆ 100 ರೂ. ಎಂದು ಗೊತ್ತುಮಾಡಿ, ನೆಲದ ಮೇಲೆ ನಾಲ್ಕು ಮನೆಗಳನ್ನು ಬರೆದು ಜೋಡಿಸಿದರೆ ಖಾಲಿಯಾಗುವ ವಾರ ಕಣ್ಣಿಗೇ ಕಾಣುತ್ತದೆ.

ಎರಡನೇ ಬೈಠಕ್: ಸಾಲದ ಬೆಲೆ. "ನೂರಕ್ಕೆ ಎರಡು" ಎಂಬ ಒಂದೇ ಮಾತಿಗೆ ಎರಡು ಲೆಕ್ಕಗಳಿವೆ. 12,000 ರೂ. ಸಾಲವನ್ನು 12 ತಿಂಗಳಲ್ಲಿ ತೀರಿಸಬೇಕೆಂದುಕೊಳ್ಳಿ. ಕೊನೆಯವರೆಗೂ ಪೂರ್ತಿ 12,000 ರೂ.ಗೇ ಬಡ್ಡಿ ಹಾಕಿದರೆ ತಿಂಗಳಿಗೆ 240 ರೂ.ನಂತೆ ವರ್ಷಕ್ಕೆ 2,880 ರೂ. ಬಡ್ಡಿಯಾಗುತ್ತದೆ. ತಿಂಗಳಿಗೆ 1,000 ರೂ. ಅಸಲು ಕಟ್ಟುತ್ತಾ, ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 240, ಎರಡನೇ ತಿಂಗಳು 220 ಹೀಗೆ ಇಳಿದು ಕೊನೆಯ ತಿಂಗಳು 20 ರೂ. ಆಗುತ್ತದೆ, ಒಟ್ಟು ಬಡ್ಡಿ 1,560 ರೂ. ವ್ಯತ್ಯಾಸ 1,320 ರೂ. "ಬಡ್ಡಿ ಎಷ್ಟು" ಎಂದು ಕೇಳುವುದರ ಜೊತೆಗೆ "ಒಟ್ಟು ಎಷ್ಟು ಕಟ್ಟಬೇಕು" ಎಂದು ಕೇಳುವುದನ್ನು ರೂಢಿಸಬೇಕು. ಸ್ವಸಹಾಯ ಸಂಘದ ಆಂತರಿಕ ಸಾಲ, ಬ್ಯಾಂಕ್ ಜೋಡಣೆಯ ಸಾಲ, ಕಿರುಸಾಲ ಸಂಸ್ಥೆಯ ಸಾಲ, ಖಾಸಗಿ ಕೈಸಾಲ ಇವುಗಳ ಒಟ್ಟು ಮರುಪಾವತಿಯನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಯಾವುದನ್ನು ಮೊದಲು ತೀರಿಸಬೇಕೆಂಬುದು ಸ್ಪಷ್ಟವಾಗುತ್ತದೆ.

ಮೂರನೇ ಬೈಠಕ್: ಕೂಡಿಡುವುದು ಮತ್ತು ಕಾಪಾಡುವುದು. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲಿಕ ಮರುಪಾವತಿ ಮತ್ತು ಸರಿಯಾದ ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳನ್ನು ನಮ್ಮ ಸ್ವಸಹಾಯ ಸಂಘಗಳ ಮಹಿಳೆಯರು ಈಗಾಗಲೇ ಬಲ್ಲರು. ಅವನ್ನು ಮನೆಗೂ ಅನ್ವಯಿಸಿಕೊಳ್ಳಲು ಹೇಳಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ., ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂ. ಕಂತು. ಮೊದಲನೆಯದು 18ರಿಂದ 70 ವರ್ಷದವರಿಗೆ ಅಪಘಾತ ವಿಮೆ, ಎರಡನೆಯದು 18ರಿಂದ 50 ವರ್ಷದೊಳಗೆ ಸೇರಬಹುದಾದ ಜೀವವಿಮೆ. ಎರಡರಲ್ಲೂ ಪರಿಹಾರ 2 ಲಕ್ಷ ರೂ. ವಿಮಾ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ಕಡಿತವಾಗದೆ ರಕ್ಷಣೆ ನಿಂತುಹೋಗುತ್ತದೆ. ಎರಡಕ್ಕೂ ಸೇರಿದವರು ಮೇ ತಿಂಗಳ ಹಾಳೆಯಲ್ಲಿ 456 ರೂ. ಎಂದು ಬರೆದುಕೊಳ್ಳುವುದು ಅವಶ್ಯ. ಆಸ್ಪತ್ರೆಯ ಖರ್ಚೇ ಅನೇಕ ಸಾಲಗಳ ಮೂಲವಾದ್ದರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡು ಮನೆಯ ಎಲ್ಲರಿಗೂ ಆಗಿದೆಯೇ ಎಂಬುದನ್ನು ಅಂದೇ ಪರಿಶೀಲಿಸಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಇದರಲ್ಲಿ ಅವಕಾಶವಿದೆ.

ನೋಂದಣಿಯಿಲ್ಲದ ಚೀಟಿ ವ್ಯವಹಾರ, ಮೊಬೈಲ್ ಆಪ್‌ಗಳ ದಿಢೀರ್ ಸಾಲ, ಓ.ಟಿ.ಪಿ. ಕೇಳುವ ಕರೆ ಇವುಗಳ ಅಪಾಯವನ್ನೂ ಇದೇ ಬೈಠಕ್‌ನಲ್ಲಿ ತಿಳಿಸಬೇಕು. ಖಾತೆಯಿಂದ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡುವಂತೆ ಆ ಸಂಖ್ಯೆಯನ್ನು ಎಲ್ಲರ ಮೊಬೈಲ್‌ನಲ್ಲಿ ಅಲ್ಲಿಯೇ ಉಳಿಸಿಸಬೇಕು.

ಮೂರು ತಿಂಗಳ ನಂತರ ಅದೇ ತಂಡವನ್ನು ಮತ್ತೆ ಸೇರಿಸಿ, "ಈ ನಡುವೆ ನಿಮ್ಮ ಮನೆಯಲ್ಲಿ ಬದಲಾದ ಒಂದು ಸಂಗತಿ ಯಾವುದು?" ಎಂದು ಕೇಳಬೇಕು. ಈ ಮರುಭೇಟಿ ಇಲ್ಲದಿದ್ದರೆ ಹಾಳೆಗಳು ಪೆಟ್ಟಿಗೆಯ ತಳ ಸೇರುತ್ತವೆ.

ಸದಸ್ಯರಲ್ಲಿ ವಿಶೇಷ ಕೋರಿಕೆ

ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರದವರು, ಲೀಡ್ ಬ್ಯಾಂಕಿನ ಅಧಿಕಾರಿಗಳು, ಸಂಜೀವಿನಿ ಒಕ್ಕೂಟದ ಸಂಪನ್ಮೂಲ ವ್ಯಕ್ತಿಗಳು ಮತ್ತು ಬಿ.ಸಿ. ಸಖಿಯರು ತರಬೇತಿ ನೀಡಲು ಲಭ್ಯರಿದ್ದಾರೆ. ಆದರೆ ಯಾವ ಮನೆಗೆ ಇದರ ಅಗತ್ಯ ಹೆಚ್ಚು ಎಂಬುದನ್ನು ಬಲ್ಲವರು ವಾರ್ಡಿನ ಸದಸ್ಯರಾದ ತಾವು. ಆದ್ದರಿಂದ ಕೆಳಕಂಡ ಅಂಶಗಳನ್ನು ಗಮನಿಸಲು ಕೋರುತ್ತೇನೆ.

ವಾರ್ಡ್ ಸಭೆ ಮತ್ತು ಮಹಿಳಾ ಗ್ರಾಮಸಭೆಯಲ್ಲಿ ಕಾರ್ಯಾಗಾರದ ವಿಷಯವನ್ನು ಮಂಡಿಸಿ. ಹಾಳೆಗಳ ಮುದ್ರಣ ಮತ್ತು ಚಹಾ ಹೊರತು ಹೆಚ್ಚಿನ ವೆಚ್ಚವಿಲ್ಲ. ಸಾಮಾನ್ಯ ಸಭೆಯ ನಿರ್ಣಯದ ಮೂಲಕ ಇದನ್ನು ಭರಿಸಬಹುದು.

ಪುರುಷರನ್ನೂ ಕರೆತನ್ನಿ. ಸಾಲ ಮಹಿಳೆಯ ಹೆಸರಿನಲ್ಲಿರುತ್ತದೆ, ಖರ್ಚಿನ ನಿರ್ಧಾರ ಹಲವೆಡೆ ಬೇರೆಯವರದಾಗಿರುತ್ತದೆ. ಕನಿಷ್ಠ ಮೊದಲ ಬೈಠಕ್‌ಗೆ ಮನೆಯ ಇಬ್ಬರೂ ಬರುವುದು ಅಗತ್ಯ.

ಯಾರ ಸಾಲದ ವಿವರವನ್ನೂ ಸಭೆಯಲ್ಲಿ ಓದಿಸಬೇಡಿ. ಹಾಳೆ ಆ ಕುಟುಂಬದ ಸ್ವತ್ತು. ಪಂಚಾಯತಿಯು ಅದರ ಪ್ರತಿಯನ್ನು ಇಟ್ಟುಕೊಳ್ಳಬಾರದು. ಒಮ್ಮೆ ಗುಟ್ಟು ಹೊರಬಿದ್ದರೆ ಮುಂದಿನ ಕಾರ್ಯಾಗಾರಕ್ಕೆ ಯಾರೂ ಬರುವುದಿಲ್ಲ.

ವಿಮೆ, ಚೀಟಿ, ಸಾಲದ ಏಜೆಂಟರಿಗೆ ಕಾರ್ಯಾಗಾರದಲ್ಲಿ ಮಾರಾಟಕ್ಕೆ ಅವಕಾಶ ಕೊಡಬೇಡಿ. ಪಂಚಾಯತಿಯ ವೇದಿಕೆಯಲ್ಲಿ ಹೇಳಿದ ಮಾತನ್ನು ಜನರು ಸರ್ಕಾರದ ಮಾತೆಂದೇ ನಂಬುತ್ತಾರೆ.

ಕೊನೆಯದಾಗಿ, ಬಡತನಕ್ಕೆ ಬಡವರ ಲೆಕ್ಕದ ತಪ್ಪೇ ಕಾರಣವೆಂಬ ಧ್ವನಿ ನಮ್ಮ ಮಾತಿನಲ್ಲಿ ಬರಕೂಡದು. ಮಳೆ ಕೈಕೊಟ್ಟ ವರ್ಷ, ಬೆಲೆ ಕುಸಿದ ವರ್ಷ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ ವರ್ಷ ಯಾವ ಹಾಳೆಯೂ ಆದಾಯವನ್ನು ಹುಟ್ಟಿಸುವುದಿಲ್ಲ. ನಾಲ್ಕು ರೀತಿಯ ಆದಾಯವನ್ನು ನಾಲ್ಕು ಬೇರೆ ಬೇರೆ ದಿನಗಳಲ್ಲಿ ಪಡೆದು ಮನೆ ನಡೆಸುವ ಮಹಿಳೆಗೆ ನಮಗಿಂತ ಹೆಚ್ಚು ಲೆಕ್ಕ ಗೊತ್ತು. ಖಾಲಿಯಾಗುವ ವಾರವನ್ನು ಅದು ಬರುವ ಮುನ್ನವೇ ಕಾಣುವಂತೆ ಮಾಡುವುದಷ್ಟೇ ಕಾರ್ಯಾಗಾರದ ಕೆಲಸ.

ಎಲ್ಲರ ಮನೆಯಲ್ಲೂ ಬದಲಾವಣೆಯಾಯಿತೆಂದು ನಾನು ಹೇಳಲಾರೆ. ಹಾಳೆಯನ್ನು ಮತ್ತೆ ತೆರೆಯದವರೂ ಇದ್ದಾರೆ. ಆದರೆ ಅಂದು ಪ್ರಶ್ನೆ ಕೇಳಿದ ಸದಸ್ಯೆಯು ಆ ಮೂರನೆಯ ಸಾಲವನ್ನು ಪಡೆಯಲಿಲ್ಲ. ಮರುಭೇಟಿಯ ದಿನ ಅವರು ಹೇಳಿದ್ದು ಇಷ್ಟೇ: "ಈ ಎರಡು ತಿಂಗಳು ಮಧ್ಯದ ವಾರಕ್ಕೆ ಯಾರ ಮನೆ ಬಾಗಿಲಿಗೂ ಹೋಗಿಲ್ಲ ಸಾರ್." ತಮ್ಮ ವಾರ್ಡಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ